ಯುಪಿಎಸ್‌ಗೆ ರಜೆ ಕೊಟ್ಟ ದಿನ

ನಮ್ಮವ್ವನ ಜೊತೆ ಬ್ಯಾಟರಿ ಕೊಳ್ಳಲು ಹೋಗುವುದೆಂದರೆ ಹೆಣ್ಣು ನೋಡಲು ಹೋದ ಹಾಗೆ. ಕೊಟ್ಟೂರಿನ ಅಂಗಡಿಯವನಿಗೆ ಅವತ್ತು ಆಕೆ ಕೇಳಿದಷ್ಟು ಪ್ರಶ್ನೆಗಳನ್ನು ನನ್ನ ಮದುವೆಯ ಹೊತ್ತಿನಲ್ಲಿ ನನ್ನ ಮಾವನವರಿಗೂ ಕೇಳಿರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಹೈಸ್ಕೂಲಿನ ಹುಡುಗಿ, ಹಾಸ್ಟೆಲಿನಲ್ಲಿದ್ದು ಓದುತ್ತಾಳೆ, ಖೋ ಖೋ ಆಡುತ್ತಾಳೆ. ಈಗೀಗ ಅವರ ಮ್ಯಾಚುಗಳನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಲೈವ್ ಹಾಕುತ್ತಾರೆ, ನಾವು ಕಾನಹೊಸಹಳ್ಳಿಯ ಮನೆಯಲ್ಲಿ ಕೂತು ಟಿವಿಯಲ್ಲಿ ನೋಡುತ್ತೇವೆ. ಸೆಮಿಫೈನಲ್ ದಿನ ಮಗಳು ಓಡಲು ಇಳಿದಳು, ಇತ್ತ ಕರೆಂಟ್ ಹೋಯಿತು. ಕರೆಂಟಿನ ಹಿಂದೆ ವೈಫೈ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಆಮೇಲೆ ಕೈಯಲ್ಲಿರುವ ಮೊಬೈಲು ಮುಖ ನೋಡಿಕೊಳ್ಳಲು ಮಾತ್ರ ಬರುತ್ತದೆ.

ಸಂಜೆ ಮಗಳ ಫೋನು. "ಅಜ್ಜಿ, ನನ್ನ ಆಟ ನೋಡಿದೇನು?"

"ನೋಡಿದ್ನವ್ವಾ! ಏನ್ ಓಡಿದಿ ನನ್ನ ಬಂಗಾರ!"

"ಹಂಗಾರ ನಾ ಎಲ್ಲಿ ಬಿದ್ದೆ ಹೇಳು?"

ಅವ್ವ ತಬ್ಬಿಬ್ಬಾದಳು. "ಬೀಳೋದೆಲ್ಲಾ ನೋಡಬಾರ್ದವ್ವಾ" ಅಂದಳು. ಹುಡುಗಿ ಫೋನ್ ಇಟ್ಟುಬಿಟ್ಟಳು. ಆ ರಾತ್ರಿ ಅವ್ವ ರೊಟ್ಟಿ ಮುಟ್ಟಲಿಲ್ಲ. ಬೆಳಗಾಗುತ್ತಲೇ ನನ್ನ ಹಾಸಿಗೆಯ ಹತ್ತಿರ ನಿಂತು, "ಲೇ, ಫೈನಲ್ ಆಟ ಬರೋದ್ರಾಗ ಯುಪಿಎಸ್ ಮನಿಗೆ ಬರಬೇಕು. ಇನ್ನೊಂದ್ ಸಲ ಆ ಕೂಸಿಗೆ ಸುಳ್ಳು ಹೇಳಂಗಿಲ್ಲ ನಾನು" ಅಂದಳು.

ಅಂಗಡಿಯವನು ಎರಡು ನಮೂನೆ ತೋರಿಸಿದ. ಒಂದು ಗೋಡೆಗೆ ತೂಗುಹಾಕುವ ಚಿಕ್ಕ ಲಿಥಿಯಂ ಡಬ್ಬಿ. ಇನ್ನೊಂದು ಗಾಲಿಯ ಟ್ರಾಲಿಯ ಮೇಲೆ ಕೂರುವ, ಆಗಾಗ ನೀರು ಹಾಕಬೇಕಾದ ದೊಡ್ಡ ಬ್ಯಾಟರಿ.

"ಅವ್ವಾರ, ಈ ಲಿಥಿಯಂಗೆ ನೀರು ಹಾಕೋ ತ್ರಾಸ ಇಲ್ರಿ."

"ಒಂದು ಹನೀನೂ ಕುಡಿಯಂಗಿಲ್ಲಾ?"

"ಇಲ್ರಿ."

"ನೀರು ಕುಡಿಲಾರದ್ದು ಏನ್ ದುಡಿತೈತೋ ತಮ್ಮಾ!" ಎಂದು ಅವ್ವ ದೊಡ್ಡದರ ಕಡೆ ಹೊರಳಿದಳು. "ಇದು ಎಷ್ಟೊತ್ತು ತಡಿತೈತಿ?"

"ಟಿವಿ, ವೈಫೈ, ಎರಡು ಫ್ಯಾನು, ನಾಕು ಲೈಟು ಹಚ್ಚಿದ್ರ ಮೂರು ತಾಸಿಗೆ ಮೋಸ ಇಲ್ರಿ. ಮಿಕ್ಸಿ, ಫ್ರಿಜ್ಜು ಮಾತ್ರ ಹಚ್ಚಬ್ಯಾಡ್ರಿ."

ನಾನು ಮೂರು ದಿನ ಮೊಬೈಲಿನಲ್ಲಿ ಓದಿ ತಲೆ ಕೆಡಿಸಿಕೊಂಡು ಲಿಥಿಯಮ್ಮೇ ಸೈ ಎಂದು ತೀರ್ಮಾನಿಸಿ ಹೋಗಿದ್ದೆ. "ಯವ್ವಾ, ಅದು ಲಗೂನ ಚಾರ್ಜ್ ಆಗ್ತೈತಿ. ಭಾಳ ವರ್ಷ ಬರ್ತೈತಿ" ಅಂದೆ.

"ನೀನೂ ಭಾಳ ವರ್ಷ ಬಂದಿ. ಏನ್ ಉಪಯೋಗಾತು?"

ಅಂಗಡಿಯವನು ನಗು ತಡೆಯಲಾರದೆ ಬಿಲ್ ಪುಸ್ತಕದಲ್ಲಿ ಮುಖ ಹುದುಗಿಸಿದ. ಗಾಲಿ ಟ್ರಾಲಿಯ ಸಮೇತ ದೊಡ್ಡದೇ ಮನೆಗೆ ಬಂತು. ಕರೆಂಟ್ ಹೋದಾಗ ಅದು ಗುಂಯ್ ಅಂದರೆ ಸಾಕು, ಅವ್ವ ಅದರ ಮೈ ಸವರಿ, "ಪಾಪ, ಹೆಂಗ ದುಡಿಯಾಕ ಹತ್ತೈತಿ ನೋಡು" ಎನ್ನುತ್ತಿದ್ದಳು. ಬೆಳಗಿನಿಂದ ಸಂಜೆವರೆಗೆ ಗೊಬ್ಬರದ ಅಂಗಡಿಯಲ್ಲಿ ದುಡಿದು ಬರುವ ನನ್ನ ಮೈಯನ್ನು ಒಂದು ದಿನವೂ ಸವರಿದ್ದಿಲ್ಲ.

ಫೈನಲ್ ಬಂದು ಬಿದ್ದದ್ದು ಮಹಾನವಮಿಯ ಮಧ್ಯಾಹ್ನಕ್ಕೆ. ನಮ್ಮ ಮನೆಯಲ್ಲಿ ಆಯುಧ ಪೂಜೆಯ ದಿನ ದುಡಿಯುವುದನ್ನೆಲ್ಲ ತೊಳೆದು, ಒರೆಸಿ, ವಿಭೂತಿ ಹಚ್ಚಿ, ಹೂವಿಟ್ಟರೆ ಮುಗಿಯಿತು. ಮರುದಿನ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಯಾವುದನ್ನೂ ಮುಟ್ಟುವ ಹಾಗಿಲ್ಲ, ಅವಕ್ಕೆಲ್ಲ ರಜೆ. ಕುಡಗೋಲು, ಕೊಡಲಿ, ನನ್ನ ತಕ್ಕಡಿ, ಬೈಕು, ಹೆಂಡತಿಯ ಹೊಲಿಗೆ ಮಷೀನು ಸಾಲಾಗಿ ಕೂತವು.

"ಅತ್ತೀ, ಟಿವಿ?" ಎಂದು ನನ್ನ ಹೆಂಡತಿ ಹೆದರುತ್ತಲೇ ಕೇಳಿದಳು.

"ಅದೇನ್ ದುಡಿತೈತಿ? ನಮ್ಮನ್ನೂ ಕುಂದ್ರಿಸಿ ತಾನೂ ಕುಂದ್ರತೈತಿ."

ಟಿವಿ ಬಚಾವಾಯಿತು. ಕಣ್ಣು ಮಿಟುಕಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲದ ವೈಫೈ ಡಬ್ಬಿಯೂ ಬಚಾವಾಯಿತು. ಸಿಕ್ಕಿಬಿದ್ದದ್ದು ಯುಪಿಎಸ್. "ನೀರು ಕುಡಿದು ದುಡಿಯೋ ಜೀವ ಅದು" ಎಂದು ಅವ್ವ ಅದರ ಸ್ವಿಚ್ಚನ್ನು ತಾನೇ ಆರಿಸಿ, ಮೂರು ಬೆರಳು ವಿಭೂತಿ ಎಳೆದು, ಎಡಕ್ಕೊಂದು ಬಲಕ್ಕೊಂದು ಸೇವಂತಿಗೆ ಇಟ್ಟು, ಮುಂದೆ ಕಾಯಿ ಒಡೆದಳು.

"ಯವ್ವಾ, ಇವತ್ತ ಫೈನಲ್ ಐತಿ!"

"ಹಬ್ಬದ ದಿನ ಕರೆಂಟ್ ತಗಿಯಂಗಿಲ್ಲ ಬಿಡಲೇ."

ತೆಗೆದರು. ಮ್ಯಾಚ್ ಶುರುವಾಗಿ ಮೊದಲ ಪಾಳಿಯಲ್ಲಿ ನಮ್ಮವರು ಹಿಡಿಯುತ್ತಿದ್ದರು, ಇನ್ನು ಐದಾರು ನಿಮಿಷಕ್ಕೆ ಮಗಳು ಓಡಲು ಇಳಿಯಬೇಕು, ಆಗ ಟಿವಿ ಕಪ್ಪಾಯಿತು. ನನಗೆ ರೇಗಿಹೋಯಿತು. "ಹಚ್ಲೇನು ಈಗ?" ಎಂದು ಯುಪಿಎಸ್ ಕಡೆ ಎದ್ದೆ.

"ಮುಟ್ಟಿದ್ರ ಕೈ ಮುರಿತೀನಿ!"

ಹಾಗಂದವಳ ಬಾಯಿಯಲ್ಲಿ ಜೋರಿತ್ತು, ಮುಖದಲ್ಲಿರಲಿಲ್ಲ. ಸೆರಗಿನ ತುದಿಯನ್ನು ಹಿಂಡುತ್ತಾ, "ಆ ಕೂಸು ಸಂಜಿಗೆ ಮತ್ತ ಕೇಳ್ತಾಳಲ್ಲೋ" ಅಂದಳು. ನನ್ನ ಸಿಟ್ಟು ಅಲ್ಲೇ ಇಳಿಯಿತು. ಅಷ್ಟರಲ್ಲಿ ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. "ಹೂ ಕೇಳೋಣು!"

ಗುಡಿಯಲ್ಲಿ ದೇವರಿಗೆ ಹೂ ಕೇಳುವುದುಂಟು. ಬಲದ ಹೂ ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಇಲ್ಲ. ಯುಪಿಎಸ್‌ಗೆ ಹೂ ಕೇಳಿದವರು ಈ ಸೀಮೆಯಲ್ಲಿ ನಾವೇ ಮೊದಲಿಗರಿರಬೇಕು. ಅವ್ವ ಕಣ್ಣು ಮುಚ್ಚಿ ಕೈ ಮುಗಿದಳು. "ನನ್ನಪ್ಪಾ, ಮೊಮ್ಮಗಳನ್ನ ನೋಡಾಕ ಒಂದೀಟು ಎಬ್ಬಿಸ್ತೀನಿ, ಸಿಟ್ಟಾಗಬ್ಯಾಡ. ಒಪ್ಪಿಗಿ ಇದ್ರ ಬಲಕ್ಕ ಕೊಡು."

ನಾನು ಮೆಲ್ಲಗೆ ಹಿಂದೆ ಸರಿದು ಟ್ರಾಲಿಗೆ ಕಾಲಿನಿಂದ ಒಂದು ಕೊಟ್ಟೆ. ಸದ್ದು ಕೇಳಬಾರದೆಂದು ಹೆಂಡತಿ ಕೆಮ್ಮಿದಳು. ಹೂ ಬಿತ್ತು. ಎಡಕ್ಕೆ! ಥೂ ನನ್ನ ಕಾಲಿಗಿಷ್ಟು!

ಅವ್ವ ಕಣ್ಣು ತೆರೆದು, "ಯಾರೋ ಕಾಲು ತೊಳಿಲಾರದ ನಿಂತೀರಿ" ಎಂದು ನಮ್ಮಿಬ್ಬರನ್ನೂ ಬಚ್ಚಲಿಗೆ ಓಡಿಸಿದಳು. ಹೂ ಮತ್ತೆ ಇಟ್ಟಾಯಿತು. ಎರಡನೇ ಸಲ ಒದ್ದರೆ ಟ್ರಾಲಿ ಅಲುಗಿತೇ ಹೊರತು ಹೂ ಅಲುಗಲಿಲ್ಲ. ಗಡಿಯಾರ ನೋಡಿದೆ, ಒಂದೂವರೆ ನಿಮಿಷ ಉಳಿದಿತ್ತು. ಮೂರನೇ ಸಲ ಇದ್ದಬದ್ದ ಬಲವನ್ನೆಲ್ಲ ಕೂಡಿಸಿ ಒದ್ದೆ. ಹೆಂಡತಿಗೆ ಕ್ಷಯ ಹಿಡಿದವರ ಕೆಮ್ಮು ಬಂತು. ಬಲದ ಹೂ ಬಿತ್ತು, ಹಿಂದೆಯೇ ನಿಂಬೆಹಣ್ಣು, ಊದುಬತ್ತಿ ಎಲ್ಲ ಉರುಳಿದವು.

"ಕೊಟ್ಟಾ ನನ್ನಪ್ಪಾ! ಹಚ್ಚಲೇ ಸ್ವಿಚ್ಚು!"

ಟಿವಿ ಬೆಳಗಿದಾಗ ಮಗಳು ಮೈದಾನಕ್ಕೆ ಇಳಿಯುತ್ತಿದ್ದಳು. ಅವ್ವ ಟಿವಿಗೆ ಗೇಣು ದೂರದಲ್ಲಿ ಕೂತು ರೆಪ್ಪೆ ಬಡಿಯದೆ ನೋಡಿದಳು. ನಮ್ಮವರು ಒಂದೇ ಪಾಯಿಂಟಿನಲ್ಲಿ ಸೋತರು.

ಸಂಜೆ ಫೋನ್ ಬಂತು. ಅತ್ತ ಹುಡುಗಿ, "ಅಜ್ಜಿ, ಸೋತ್ವಿ" ಎನ್ನುವಷ್ಟರಲ್ಲಿ ಇತ್ತ ಅವ್ವ ಶುರು ಮಾಡಿದ್ದಳು. "ಸುಮ್ಕಿರು. ಕಂಬದ ಹತ್ರ ಆ ಉದ್ದನ್ನ ಹುಡುಗೀಗೆ ಎರಡು ಸಲ ಏಮಾರಿಸಿದೆಲ್ಲ, ಅಲ್ಲಿ ಮಣಕಾಲು ತರಚಿಕೊಂಡಿ. ಎದ್ದು ಮಣ್ಣು ಸೈತ ಒರಿಸ್ಲಿಲ್ಲ, ಮತ್ತ ಓಡಿದಿ. ಎಣ್ಣಿ ಹಚ್ಚಿದೇನು?"

ಅತ್ತ ಹುಡುಗಿ ಬಿಕ್ಕುತ್ತಾ, "ನೀ ನೋಡಿದಿ ಅಜ್ಜಿ. ಖರೇನ ನೋಡಿದಿ" ಅಂದಳು.

ಅವ್ವ ಫೋನನ್ನು ನನ್ನ ಹೆಂಡತಿಗೆ ಕೊಟ್ಟು, ಕಣ್ಣೊರೆಸಿಕೊಂಡು ನನ್ನ ಪಕ್ಕ ಕೂತಳು. ನನ್ನ ಬಲಗಾಲಿನ ಹೆಬ್ಬೆರಳು ಬಾತುಕೊಂಡಿತ್ತು. ಅದನ್ನು ನೋಡಿದಳು, ಕೊಬ್ಬರಿ ಎಣ್ಣೆ ತಂದು ಸವರತೊಡಗಿದಳು.

"ನಿನ್ನ ಹೆಂಡ್ತಿಗೆ ಕೆಮ್ಮೇನೂ ಇಲ್ಲ ಅಂತ ನನಗ ಗೊತ್ತೈತಿ" ಅಂದಳು. "ಮೂರನೇ ಸಲಾನೂ ಬಲಕ್ಕ ಬೀಳದಿದ್ರ ನಾನೇ ಒದಿತಿದ್ದೆ."