ಸೀಲ್‌ಗಳ ಊಟ, ಅತ್ತೆಯ ಊಟ

ಜೀವಮಾನದಲ್ಲಿ ಒಂದು ಮೀನಿನ ತುಂಡನ್ನೂ ಬಾಯಿಗಿಡದ ನಾನು ಲಂಡನ್ನಿನಲ್ಲಿ ಹನ್ನೊಂದು ವರ್ಷ ಮೀನಿನ ಕಿವಿಯೊಳಗಿನ ಕಲ್ಲುಗಳನ್ನು ಆರಿಸುವ ಕೆಲಸ ಮಾಡಿದೆ. ಆ ಕಲ್ಲುಗಳು ಸಿಗುತ್ತಿದ್ದದ್ದು ಸೀಲ್ ಎಂಬ ಕಡಲಪ್ರಾಣಿಗಳ ಲದ್ದಿಯಲ್ಲಿ. ಮೊದಲನೆಯ ವಾಕ್ಯವನ್ನು ಕೆಲವರಿಗಾದರೂ ಹೇಳುತ್ತಿದ್ದೆ, ಎರಡನೆಯದನ್ನು ಮೊದಮೊದಲು ಗಂಡನ ಹೊರತು ಯಾರಿಗೂ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ನಮ್ಮ ಮನೆ ಲಂಡನ್ನಿನ ಅಂಚಿನ ಕೆಂಟನ್‌ನಲ್ಲಿ. ಗಂಡನಿಗೆ ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ನೌಕರಿ. ನನ್ನ ಹತ್ತಿರ ಧಾರವಾಡದಲ್ಲಿ ಓದಿದ ಪ್ರಾಣಿಶಾಸ್ತ್ರದ ಬಿ.ಎಸ್ಸಿ. ಇತ್ತು, ಅದನ್ನು ಇಲ್ಲಿ ಯಾರೂ ಮೂಸಿ ನೋಡಿರಲಿಲ್ಲ. ಅಕ್ಸ್‌ಬ್ರಿಡ್ಜ್ ಕಡೆಯ ಒಂದು ಸಣ್ಣ ಪ್ರಯೋಗಾಲಯಕ್ಕೆ ಸಹಾಯಕಿ ಬೇಕು ಎಂಬ ಜಾಹೀರಾತು ನೋಡಿ ಅರ್ಜಿ ಹಾಕಿದೆ. ಅಲ್ಲಿಯ ಮುಖ್ಯಸ್ಥೆ ಸ್ಕಾಟ್ಲೆಂಡಿನ ಎತ್ತರದ ಹೆಂಗಸು. ನನ್ನ ಕಾಗದಪತ್ರಗಳನ್ನು ಪಕ್ಕಕ್ಕಿಟ್ಟು ಒಂದು ತಟ್ಟೆಯಲ್ಲಿ ಮರಳಿನೊಳಗೆ ಬೆರೆತ ಬಿಳಿ ಹರಳುಗಳನ್ನು ಮುಂದಿಟ್ಟರು. ಹರಳು ಬೇರೆ ಮಾಡು ಎಂದು ಹೇಳಿ ಚಹಾ ಮಾಡಲು ಹೋದರು. ಅವರು ಕಪ್ಪು ಹಿಡಿದು ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿತ್ತು. ಎಲ್ಲಿ ಕಲಿತೆ ಎಂದು ಕೇಳಿದರು. ಮದುವೆಯಾದ ಹೊಸದರಲ್ಲಿ ಊರಿನಲ್ಲಿ ನನ್ನ ಅತ್ತೆ ದಿನಾ ಮುಂಜಾನೆ ಅಕ್ಕಿ ಬೇಳೆ ಆರಿಸಲು ಕೂರಿಸುತ್ತಿದ್ದರು ಎಂದೆ. ಮರುದಿನವೇ ಕೆಲಸಕ್ಕೆ ಬರಹೇಳಿದರು.

ಕೆಲಸ ಹೀಗಿತ್ತು. ದಕ್ಷಿಣ ಧ್ರುವದ ಕಡೆಯ ದ್ವೀಪಗಳಿಂದ ಲದ್ದಿಯ ಚೀಲಗಳು ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಬರುತ್ತಿದ್ದವು. ಕರಗಿಸಿ, ಒಂದರ ಕೆಳಗೊಂದು ಇಟ್ಟ ಮೂರು ಜರಡಿಗಳಲ್ಲಿ ನೀರು ಬಿಟ್ಟು ತೊಳೆಯಬೇಕು. ಮಾಂಸವೆಲ್ಲ ಜೀರ್ಣವಾಗಿ ಹೋದರೂ ಮೀನಿನ ಕಿವಿಯ ಕಲ್ಲು ಉಳಿಯುತ್ತದೆ. ಪ್ರತಿ ಜಾತಿಯ ಮೀನಿಗೂ ಅದರದೇ ಆಕಾರದ ಕಲ್ಲು. ಅದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಯಾವ ಮೀನು, ಅಳೆದರೆ ಎಷ್ಟುದ್ದದ ಮೀನು ಎಂದು ಹೇಳಬಹುದು. ಕ್ರಿಲ್ ಎಂಬ ಬೆರಳುದ್ದದ ಸೀಗಡಿಯಂಥ ಜೀವಿಯನ್ನು ತಿಂದಿದ್ದರೆ ಗುಲಾಬಿ ಬಣ್ಣದ ಸಿಪ್ಪೆಯ ಚೂರುಗಳು ಸಿಗುತ್ತವೆ. ಗೋಡೆಯ ಮೇಲೆ ದೊಡ್ಡದೊಂದು ಚಿತ್ರವಿತ್ತು: ಮಂಜುಗಡ್ಡೆಯ ತಳದಲ್ಲಿ ಬೆಳೆಯುವ ಪಾಚಿ, ಅದನ್ನು ತಿನ್ನುವ ಕ್ರಿಲ್, ಕ್ರಿಲ್ ತಿನ್ನುವ ಮೀನು ಮತ್ತು ಪೆಂಗ್ವಿನ್, ಇವೆಲ್ಲವನ್ನೂ ತಿನ್ನುವ ಸೀಲ್‌ಗಳು. ಯಾರು ಯಾರಿಗೆ ಊಟ ಎಂದು ಬಾಣದ ಗುರುತು. ಹೆಚ್ಚು ತಿಂದರೆ ದಪ್ಪ ಬಾಣ, ಕಡಿಮೆ ತಿಂದರೆ ತೆಳು ಬಾಣ.

ಸೀಲ್‌ಗಳ ಊಟದ ಗುಟ್ಟುಗಳು ನನಗೆ ಬಲು ಇಷ್ಟವಾದವು. ಏಡಿ ತಿನ್ನುವ ಸೀಲ್ ಎಂದು ಹೆಸರಾದದ್ದು ಏಡಿ ಮುಟ್ಟುವುದೇ ಇಲ್ಲ. ಅದರ ಹಲ್ಲುಗಳೇ ಜರಡಿ, ಬಾಯ್ತುಂಬ ನೀರು ಹೀರಿ ಕ್ರಿಲ್ ಉಳಿಸಿಕೊಂಡು ನೀರನ್ನು ಹೊರಕ್ಕೆ ಬಿಡುತ್ತದೆ. ಚಿರತೆ ಸೀಲ್ ಎಂಬ ಪುಂಡ ಪೆಂಗ್ವಿನ್ನನ್ನೂ ತಿನ್ನುತ್ತದೆ, ಉಳಿದ ಸೀಲ್‌ಗಳ ಮರಿಗಳನ್ನೂ ಬಿಡುವುದಿಲ್ಲ, ಏನೂ ಸಿಗದಿದ್ದರೆ ಕ್ರಿಲ್ಲನ್ನೇ ಸೋಸಿ ತಿಂದು ಸುಮ್ಮನಿರುತ್ತದೆ. ಮಡಿ ಮೈಲಿಗೆಯ ಗೋಜಿಲ್ಲದ ಜನ ಎಂದು ನಗು ಬರುತ್ತಿತ್ತು.

ಮನೆಯಲ್ಲಿ ಆ ಗೋಜು ಬೇಕಾದಷ್ಟಿತ್ತು. ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮೊಂದಿಗೇ ಇರಲು ಬಂದಿದ್ದರು. ಮಂಡಿನೋವಿನಿಂದ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದು. ನನ್ನ ಕೈಯ ಅಡುಗೆ ಬಿಟ್ಟು ಬೇರೆ ಯಾರ ಕೈಯದನ್ನೂ ಉಣ್ಣುತ್ತಿರಲಿಲ್ಲ. ಉಡುಪಿ ಕಡೆಯ ಪರಿಚಯದವರು ಪ್ರೀತಿಯಿಂದ ತಮ್ಮ ಹೋಟೆಲಿಗೆ ಕರೆದರೂ ಕೈ ಮುಗಿದು ಹಣ್ಣು ಮಾತ್ರ ತಿಂದು ಬಂದಿದ್ದರು. ಇಂಥವರಿಗೆ ನಾನು ಹೇಳಿದ್ದೇನು? ಆಫೀಸಿನಲ್ಲಿ ಎಣಿಸುವ ಕೆಲಸ ಎಂದು. ಸುಳ್ಳೇನಲ್ಲವಲ್ಲ, ಎಣಿಸುತ್ತಿದ್ದೆನಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಗ್ಲೌಸ್ ಇತ್ತು, ಚಿಮಟ ಇತ್ತು, ಆದರೂ ವಾಸನೆ ಕೂದಲಿಗೆ ಹತ್ತುತ್ತಿತ್ತು. ಟ್ಯೂಬ್ ರೈಲಿನಲ್ಲಿ ಪಕ್ಕದವರು ಮೆಲ್ಲಗೆ ಎದ್ದು ಬೇರೆ ಕಡೆ ಕೂರುತ್ತಿದ್ದರು. ಮನೆಗೆ ಬಂದವಳೇ ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ನುಗ್ಗಿ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ. ಅತ್ತೆ ಇದನ್ನು ಬೇರೆ ರೀತಿ ತಿಳಿದುಕೊಂಡರು. ಕನ್ನಡದವರು ಸೇರುವ ಕಾರ್ಯಕ್ರಮಗಳಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳುತ್ತಿದ್ದರು: "ಲಂಡನ್ನಿನಾಗ ಇದ್ರೂ ನಮ್ಮ ಸೊಸಿ ಹೊರಗಿಂದ ಬಂದಮ್ಯಾಲೆ ಜಳಕಾ ಮಾಡದ ಒಲಿ ಮುಟ್ಟೂದಿಲ್ಲ ನೋಡ್ರಿ. ಚಳಿ ಇರ್ಲಿ, ಬರ್ಫ ಬೀಳ್ಲಿ." ಹೆಂಗಸರು ನನ್ನನ್ನು ಗೌರವದಿಂದ ನೋಡುತ್ತಿದ್ದರು. ಭೂಮಿ ಬಾಯಿಬಿಟ್ಟರೆ ಸಾಕು ಎನಿಸುತ್ತಿತ್ತು. ನಿಜ ಗೊತ್ತಾದ ದಿನ ಇವರು ಈ ಕೈಯ ಅನ್ನ ಉಣ್ಣುವುದಿಲ್ಲ, ಈ ಊರಿನಲ್ಲಿ ಇವರಿಗೆ ಬೇರೆ ಅನ್ನವಿಲ್ಲ, ಎಂಬ ಹೆದರಿಕೆ ಆಗಲೇ ಎದೆಯಲ್ಲಿ ಕೂತಿತ್ತು.

ಹೀಗೆ ಒಂದು ವರ್ಷ ಕಳೆಯುತ್ತ ಬಂದಾಗ ಪ್ರಯೋಗಾಲಯದಲ್ಲಿ ಒಂದು ಎಡವಟ್ಟು ಬಯಲಾಯಿತು. ಮುಖ್ಯಸ್ಥೆ ನನ್ನ ಎಣಿಕೆಗಳನ್ನು ಹರಡಿಕೊಂಡು ಹಣೆ ಉಜ್ಜುತ್ತ ಕೂತಿದ್ದರು. ಆ ದ್ವೀಪಗಳ ಸೀಲ್‌ಗಳು ದೊಡ್ಡ ಮೀನನ್ನೇ ತಿಂದಿವೆ, ಚಿಕ್ಕ ಮೀನು ತಿಂದೇ ಇಲ್ಲ ಎಂದು ಲೆಕ್ಕ ಹೇಳುತ್ತಿತ್ತು. ಹಾಗಾಗುವುದು ಸಾಧ್ಯವಿಲ್ಲ, ಒಂದು ಮಾದರಿಯನ್ನು ನನ್ನ ಮುಂದೆ ಆರಿಸು ಎಂದರು. ಆರಿಸತೊಡಗಿದೆ. ಇಡಿಯಾದವು ಸೀಸೆಗೆ. ಒಡೆದವು, ಸವೆದವು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣವು ಪಕ್ಕಕ್ಕೆ, ಕಸದ ಜೊತೆ. ಅವರು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು.

"ಇವನ್ನು ಯಾಕೆ ತೆಗೆದುಹಾಕಿದೆ?"

"ಇವು ನುಚ್ಚು," ಎಂದುಬಿಟ್ಟೆ. ಕನ್ನಡದಲ್ಲೇ ಹೇಳಿದ್ದು. ಆಮೇಲೆ ಇಂಗ್ಲಿಷಿನಲ್ಲಿ ವಿವರಿಸಬೇಕಾಯಿತು. ಇಡೀ ಕಾಳು ಡಬ್ಬಕ್ಕೆ, ನುಚ್ಚು ಬೇರೆ, ಕಲ್ಲು ಹೊರಗೆ. ಯಾರೂ ಹೇಳದೆಯೇ ನನ್ನ ಕೈ ಅದೇ ಪಾಠ ಒಪ್ಪಿಸಿತ್ತು. ಚಿಕ್ಕ ಮೀನಿನ ಕಲ್ಲು ಸೀಲ್‌ನ ಹೊಟ್ಟೆಯಲ್ಲಿ ಬೇಗ ಸವೆದು ಒಡೆಯುತ್ತದೆ. ನಾನು ಒಡೆದದ್ದನ್ನೆಲ್ಲ ಬಿಟ್ಟಿದ್ದರಿಂದ ದಕ್ಷಿಣ ಸಮುದ್ರದ ಚಿಕ್ಕ ಮೀನುಗಳೆಲ್ಲ ಚಿತ್ರದಿಂದ ಮಾಯವಾಗಿದ್ದವು. ಯಾವ ಮೀನನ್ನು ಮನುಷ್ಯರು ಎಷ್ಟು ಹಿಡಿಯಬಹುದು, ಸೀಲ್‌ಗಳಿಗೆ ಎಷ್ಟು ಬಿಡಬೇಕು ಎಂದು ಹೇಳುವವರು ಇಂಥ ಲೆಕ್ಕಗಳನ್ನೇ ನಂಬಿಕೊಂಡಿರುತ್ತಾರೆ. ಪುಣ್ಯಕ್ಕೆ ಅಲ್ಲಿ ಕಸವನ್ನೂ ಎಸೆಯದೆ ಬಾಟಲಿಗಳಲ್ಲಿ ಇಡುವ ಪದ್ಧತಿ. ಮುಖ್ಯಸ್ಥೆ ಬೈಯಲಿಲ್ಲ. ತಾವೂ ನೋಡಿಕೊಳ್ಳಬೇಕಿತ್ತು ಎಂದರು. ಎಲ್ಲ ಬಾಟಲಿಗಳನ್ನೂ ಮೊದಲಿನಿಂದ ಆರಿಸಲು ಕೂತೆ.

ಆ ಶನಿವಾರ ಮನೆಯಲ್ಲಿ ತೊಗರಿಬೇಳೆ ಆರಿಸುತ್ತಿದ್ದೆ. ವಾರವಿಡೀ ಒಡೆದ ಚೂರುಗಳ ಬೆನ್ನು ಹತ್ತಿದ್ದ ಕೈ ಬೇಳೆಯ ಚೂರುಗಳನ್ನೂ ಸಾಲಾಗಿ ಇಡತೊಡಗಿತ್ತು. ಅತ್ತೆ ಎದುರಿಗೆ ಕೂತು ನೋಡುತ್ತಿದ್ದರು.

"ಏನವಾ ಇದು, ನುಚ್ಚಿಗೆ ಆರತಿ ಮಾಡೋಹಂಗ ಕೂತೀಯಲ್ಲಾ? ನಾ ಕಲಿಸಿದ್ದು ಮರತೀಯೇನು?"

ನನ್ನ ಮೂಗಿನ ತುದಿಯ ಕೋಪ ಧಾರವಾಡದಲ್ಲೇ ಹೆಸರುವಾಸಿ. "ನೀವು ಕಲಿಸಿದ್ದನ್ನು ಮರೀಲಿಲ್ಲಾ, ಅದಕ್ಕಽ ನನ್ನ ಕೆಲಸಾ ಕೆಟ್ಟದ್ರಿ!" ಎಂದು ಚೀರಿದೆ. ಯಾವ ಕೆಲಸ ಎಂದು ಕೇಳಿದರು. ಬಾಯಿಗೆ ಬಂದ ಮೇಲೆ ನಿಲ್ಲಿಸಲಾಗಲಿಲ್ಲ. ಸೀಲ್, ಲದ್ದಿ, ಮೀನಿನ ಕಿವಿ, ದಿನಾ ಸಂಜೆ ತಲೆಗೆ ನೀರು ಹಾಕಿಕೊಳ್ಳುವ ಕಾರಣ, ಎಲ್ಲವನ್ನೂ ಹೇಳಿದೆ. ಅತ್ತೆ ಕೊನೆಯ ತನಕ ಕೇಳಿದರು. ಮೊಣಕಾಲು ಹಿಡಿದುಕೊಂಡು ಎದ್ದು ಮೇಲಿನ ತಮ್ಮ ಕೋಣೆಗೆ ಹೋದರು. ಆ ದಿನ ಊಟಕ್ಕೆ ಇಳಿಯಲಿಲ್ಲ.

"ನಿನಗ ಯಾರು ಹೇಳು ಅಂದಿದ್ರು?" ಎಂದು ಗಂಡ ಕೇಳಿದರು. ಅವರಿಗೆ ಮೊದಲಿನಿಂದಲೂ ಗೊತ್ತಿತ್ತು, ಅಮ್ಮನಿಗೆ ಹೇಳಬೇಡ ಎಂದವರೇ ಅವರು. ನಾನು ಅವರಿಗೂ ಚೆನ್ನಾಗಿ ಉಗಿದೆ. ಅದರಿಂದ ಯಾರ ಹೊಟ್ಟೆಯೂ ತುಂಬಲಿಲ್ಲ.

ಭಾನುವಾರ, ಸೋಮವಾರ, ಮಂಗಳವಾರ. ನಾನು ಮಾಡಿಟ್ಟ ಅಡುಗೆ ಹಾಗೇ ಇರುತ್ತಿತ್ತು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಏನಾದರೂ ಮಾಡಿಕೊಂಡು ತಿನ್ನುತ್ತಿದ್ದಾರೆ ಎಂದು ಗಂಡ ಹೇಳಿದರು. ಬುಧವಾರ ಸಂಜೆ ಅಡುಗೆಮನೆಯ ಕಸದ ಬುಟ್ಟಿಯನ್ನು ಕಾಗದದ ಮೇಲೆ ಸುರುವಿದೆ. ಅದೊಂದು ವಿದ್ಯೆ ನನಗೆ ಬರುತ್ತಿತ್ತಲ್ಲ. ನಾನು ಮಾಡಿದ ಅಡುಗೆಯ ಕಸ ಬೇರೆ ಮಾಡಿದ ಮೇಲೆ ಉಳಿದದ್ದು ನಾಲ್ಕು ಬಾಳೆಹಣ್ಣಿನ ಸಿಪ್ಪೆ. ಒಂದು ಹಾಲಿನ ಬಾಟಲಿಯ ಮುಚ್ಚಳ. ಚುರುಮುರಿಯ ಪೊಟ್ಟಣದ ಚೂರು. ಅಷ್ಟೇ. ಬೇರೆ ತರಕಾರಿಯ ಸಿಪ್ಪೆ ಇಲ್ಲ, ಸೀದ ಅನ್ನ ಇಲ್ಲ, ಒಲೆ ಹಚ್ಚಿದ ಯಾವ ಗುರುತೂ ಇಲ್ಲ. ನಾಲ್ಕು ದಿನದಿಂದ ಎಪ್ಪತ್ತು ದಾಟಿದ ಹೆಂಗಸು ಇಷ್ಟರ ಮೇಲೆ ಇದ್ದರು. ಸಾವಿರಾರು ಮೈಲಿ ದೂರದ ಸೀಲ್ ಹೋದ ವಾರ ಏನು ತಿಂದಿತು ಎಂದು ಹೇಳಬಲ್ಲ ನಾನು ಮೇಲಿನ ಕೋಣೆಯಲ್ಲಿದ್ದ ಜೀವದ ಹಸಿವನ್ನು ನೋಡಲು ನಾಲ್ಕು ದಿನ ತೆಗೆದುಕೊಂಡಿದ್ದೆ. ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮುಖ ತೊಳೆದು ಮೇಲೆ ಹೋದೆ. ಅವರು ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ಕೆನ್ನೆ ಒಳಕ್ಕೆ ಹೋಗಿತ್ತು.

"ಅತ್ಯಾ, ನಾಳೆ ಕೆಲಸಾ ಬಿಡ್ತೀನ್ರಿ. ನೀವು ಉಣ್ರಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಕೆಲಸಾ ಯಾಕ ಬಿಡ್ತೀ? ನಾ ಬಿಡು ಅಂದೆನೇನು?"

"ಮತ್ತ ಈ ಕೈಯಿಂದ ನೀವು..."

"ಕೈ ಹೊಲಸಾದ್ರ ತೊಳಕೊಳ್ಳಿಕ್ಕೆ ನೀರದ," ಎಂದರು ಅತ್ತೆ. ದನಿ ಎತ್ತರವಿರಲಿಲ್ಲ. "ಒಂದು ವರ್ಷ ಉಣ್ಣಿಸಿದಿ. ನಾ ಉಣ್ಣಬೇಕೋ ಬ್ಯಾಡೋ ಅಂತ ನೀನಽ ಆರಿಸಿದಿ. ನನ್ನ ಕೇಳ್ಲಿಲ್ಲಾ. ಎಲ್ಲಾರ ಮುಂದ ನಾ ನಿನ್ನ ಹೊಗಳ್ತಿದ್ರ ಸುಮ್ಮನ ಕೂತಿ."

ಮೈಲಿಗೆಗೆ ಎಷ್ಟೋ ಉತ್ತರಗಳನ್ನು ತಯಾರು ಮಾಡಿಕೊಂಡು ಹೋಗಿದ್ದೆ. ಅವರು ಎತ್ತಿದ್ದು ಬೇರೆಯೇ ಮಾತು. ಬಾಯಿಲ್ಲದ ಪ್ರಾಣಿಗಳ ಊಟ ತಿಳಿಯಲು ಅಷ್ಟು ಕಷ್ಟಪಡುತ್ತಿದ್ದೆ. ಇವರಿಗೆ ಬಾಯಿತ್ತು, ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದ್ದರೆ ಹೂಂ ಎನ್ನುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮರುದಿನ ಮುಂಜಾನೆ ನಾನು ಏಳುವ ಮೊದಲೇ ಅಡುಗೆಮನೆಯಲ್ಲಿ ಸದ್ದಾಯಿತು. ಅತ್ತೆ ಒಲೆಯ ಪಕ್ಕಕ್ಕೆ ಎತ್ತರದ ಸ್ಟೂಲು ಎಳೆದುಕೊಂಡು, ಅದರ ಮೇಲೆ ಕೂತೇ ಅಡುಗೆ ಮಾಡಿದ್ದರು. ಅವರು ಉಂಡರು, ಮಗನಿಗೆ ಬಡಿಸಿದರು. ನನ್ನ ಕೈಗೆ ಚಪಾತಿ, ಬದನೆಕಾಯಿ ಪಲ್ಯದ ಡಬ್ಬಿ ಕೊಟ್ಟರು. "ಹೊರಗ ಕೂತು ಉಣ್ಣು. ಆ ವಾಸನಿಯೊಳಗ ಉಣ್ಣಬ್ಯಾಡ," ಎಂದರು.

ಹಾಗೆ ವರ್ಷಗಳು ನಡೆದವು. ಅತ್ತೆ ನನ್ನ ಕೈಯ ಅಡುಗೆ ಉಣ್ಣಲಿಲ್ಲ. ಸಿಟ್ಟಿನ ಮಾತೂ ಆಡಲಿಲ್ಲ. ನಾನು ತರಕಾರಿ ಹೆಚ್ಚಿಕೊಟ್ಟರೆ ಅಲ್ಲೇ ಇಡು ಎನ್ನುತ್ತಿದ್ದರು, ಆಮೇಲೆ ನೋಡಿದರೆ ಅದು ನಮ್ಮಿಬ್ಬರ ಪಾತ್ರೆಯಲ್ಲಿರುತ್ತಿತ್ತು, ಅವರದರಲ್ಲಿ ಬೇರೆ ಹೆಚ್ಚಿದ್ದು. ಸಂಜೆ ನಾನು ಬಚ್ಚಲಿನಿಂದ ಬಂದ ಮೇಲೆ "ಇವತ್ತೇನು ತಿಂದಿದ್ದುವು ನಿನ್ನ ಪ್ರಾಣಿ?" ಎಂದು ಕೇಳುತ್ತಿದ್ದರು. ಹೇಳುತ್ತಿದ್ದೆ. ಚಿರತೆ ಸೀಲ್ ಇನ್ನೊಂದು ಸೀಲ್‌ನ ಮರಿಯನ್ನು ತಿಂದ ಸುದ್ದಿಗೆ ಎರಡು ದಿನ ಬೇಸರಪಟ್ಟುಕೊಂಡಿದ್ದರು. ಒಮ್ಮೊಮ್ಮೆ ನನಗೆ ರೇಗುತ್ತಿತ್ತು, ಒಂದು ತಪ್ಪಿನ ಶಿಕ್ಷೆಗೆ ಮಿತಿ ಬೇಡವೇ ಎಂದು. ರೇಗಿದ ದಿನವೂ ಡಬ್ಬಿ ಕಟ್ಟಿ ಇಟ್ಟಿರುತ್ತಿದ್ದರು, ಅದನ್ನು ತೆಗೆದುಕೊಂಡು ಹೋಗುತ್ತಿದ್ದೆ.

ಎರಡು ಸಾವಿರದ ಐದರ ಸುಮಾರಿಗೆ ಅವರಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಏಳುತ್ತಿರಲಿಲ್ಲ, ಮಾತು ಸ್ವಲ್ಪ ತೊದಲುತ್ತಿತ್ತು. ಗಂಡ ರಜೆ ಹಾಕಿ ಗಂಟುಗಂಟಾದ ಗಂಜಿ ಕಾಯಿಸಿ ಕುಡಿಸಿದರು. ರಜೆ ಮುಗಿದ ದಿನ ನಾನು ಮಧ್ಯಾಹ್ನವೇ ಪ್ರಯೋಗಾಲಯದಿಂದ ಬಂದೆ. ಜಳಕ ಮಾಡಿ ಗಂಜಿ ಮಾಡಿಕೊಂಡು ಅವರ ಮಂಚದ ಪಕ್ಕ ಕೂತೆ. ಚಮಚ ಎತ್ತಲು ಧೈರ್ಯವಾಗಲಿಲ್ಲ.

ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು.

"ಏನೇನು ಹಾಕೀದಿ?"

"ರವಾ, ನೀರು, ಉಪ್ಪು, ಚೂರು ಜೀರಿಗಿ. ತುಪ್ಪ ಹಾಕಿಲ್ಲಾ, ಡಾಕ್ಟರು ಬ್ಯಾಡ ಅಂದಾರ."

ಅವರು ಇನ್ನೂ ಕಾಯುತ್ತಿದ್ದರು.

"ಮುಂಜಾನೆ ಎರಡು ಚೀಲಾ ತೊಳದು ಬಂದೀನ್ರಿ. ಪೆಂಗ್ವಿನ್ನಿನ ಪುಕ್ಕಾ ಇದ್ದುವು, ಮೀನಿನ ಎಲುಬಿದ್ದುವು. ಬಂದು ತಲಿಮ್ಯಾಲೆ ನೀರು ಹಾಕ್ಕೊಂಡೀನಿ, ಕೈ ಮೂರು ಸಲ ತೊಳದೀನಿ. ಈ ಕೈಯಿಂದಽ ಮಾಡೀನಿ. ಉಣ್ಣಿಸಲೇನ್ರಿ?"

ಅತ್ತೆ ಎಡಗೈಯಿಂದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ತುತ್ತಿಗೆ ಬಾಯಿ ತೆರೆದರು.