ಹಲಸಿನ ಹಲಗೆಯ ಎರಡು ಚುಕ್ಕೆಗಳು

ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಮೇಲಿರುವ ತ್ರಿಕೋನಾಕಾರದ ಹಲಸಿನ ಹಲಗೆಯಲ್ಲಿ ಎರಡು ಪೆನ್ಸಿಲ್ ಚುಕ್ಕೆಗಳಿವೆ. ಒಂದರಿಂದ ಇನ್ನೊಂದಕ್ಕೆ ಒಂದೂವರೆ ಇಂಚಿಗೆ ತುಸು ಕಡಿಮೆ.

ಪಾಂಡವಪುರದ ಈ ಹೈಸ್ಕೂಲಿಗೆ ಗಣಿತದ ಟೀಚರ್ ಆಗಲು ಅರ್ಜಿ ಹಾಕಿದ್ದೆ. ಹತ್ತನೇ ತರಗತಿಗೆ ಒಂದು ಡೆಮೊ ಪಾಠ ಮಾಡಬೇಕು, ಅದು ಚೆನ್ನಾಗಾದರೆ ಕೆಲಸ. ಲೆಕ್ಕಕ್ಕೆ ನಾನು ಹೆದರುವುದಿಲ್ಲ, ಹೊಸಬರೆದುರು ಮಾತಾಡಲು ಹೆದರುತ್ತೇನೆ. ಹಾಗಾಗಿ ಹಲಗೆಯೇ ಮಾತಾಡಲಿ ಎಂದುಕೊಂಡೆ. ಮೂರು ಶೃಂಗಗಳ ನಿರ್ದೇಶಾಂಕಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಗುರುತ್ವಕೇಂದ್ರ. ಅದರ ಕೆಳಗೆ ಪೆನ್ಸಿಲ್ ಹಿಡಿದರೆ ಹಲಗೆ ನಿಲ್ಲಬೇಕು.

ಅಪ್ಪ ಮರಗೆಲಸದವರು. ಹಿಂದಿನ ಸಂಜೆ ಕಿರಂಗೂರಿನ ನಮ್ಮ ಮನೆಯ ಜಗುಲಿಯಲ್ಲಿ ಹಲಗೆ ಕೊಯ್ದುಕೊಟ್ಟರು. ಅದನ್ನು ಪ್ಲೈವುಡ್ ಶೀಟಿನ ಮೇಲೆ ಓರೆಯಾಗಿಟ್ಟು, ಶೀಟಿನ ಎಡ ಅಂಚು ಮತ್ತು ಕೆಳ ಅಂಚನ್ನೇ ಅಕ್ಷಗಳೆಂದುಕೊಂಡೆ. ಅಪ್ಪ ಟೇಪು ಹಿಡಿದು ಕೂಗಿದರು, ನಾನು ಬರೆದುಕೊಂಡೆ: (3, 2), (15, 4), (6, 15). ಗುರುತ್ವಕೇಂದ್ರ (8, 7). ಹೊಸ ಸ್ಟೀಲ್ ಸ್ಕೇಲಿನಲ್ಲಿ ಅಳೆದು ಚುಕ್ಕೆ ಇಟ್ಟೆ.

ಹಲಗೆ ದೊಪ್ಪೆಂದು ಬಿತ್ತು. ಮತ್ತೆ ಇಟ್ಟೆ, ಮತ್ತೆ ಬಿತ್ತು.

"ಎಮ್ಮೆಸ್ಸಿ ಮುಗಿಸ್ಬುಟ್ಟು ಮೂರರಲ್ಲಿ ಭಾಗ್ಸಾಕೆ ಬರಕಿಲ್ವೇನವ್ವ?" ಎಂದು ಅಪ್ಪ ನಕ್ಕರು.

"ಲೆಕ್ಕ ಸರಿಯಾಗೇ ಅದೆ ಕಣಪ್ಪ. ನಿನ್ ಮರಾನೇ ಸರಿಯಿಲ್ಲ."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆಯೆತ್ತಲಿಲ್ಲ. "ನಿಮ್ಮಪ್ಪನ್ ಟೇಪು ಯಾವತ್ತೂ ಒಂದಿಂಚು ಜಾಸ್ತೀನೇ ಏಳೋದು. ಈ ಮನೇಲುಟ್ಟಿ ಅದ್ನೂ ಮರ್ತ್‌ಬುಟ್ಯಾ?"

ನಿಜ. ಕೊಂಡಿ ಮುರಿದು ತುದಿ ಸವೆದ ಆ ಟೇಪನ್ನು ಅಪ್ಪ ಒಂದರ ಗೆರೆಯಿಂದ ಹಿಡಿಯುತ್ತಾರೆ. ಒಂದು ಕಳೆಯುವುದು ಬರೆದುಕೊಳ್ಳುವವರ ಕೆಲಸ. ಚಿಕ್ಕವಳಿದ್ದಾಗ ನಾನೇ ಎಷ್ಟೋ ಸಲ ಕಳೆದಿದ್ದೇನೆ. ಮೂರು ಶೃಂಗಗಳೂ ಒಂದೊಂದಿಂಚು ಸರಿದಿದ್ದರಿಂದ ಗುರುತ್ವಕೇಂದ್ರವೂ ಅಷ್ಟೇ ಸರಿದಿತ್ತು. ಚುಕ್ಕೆಯನ್ನೂ ಅದೇ ಟೇಪಿನಲ್ಲಿ ಗುರುತಿಸಿದ್ದರೆ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ.

(7, 6)ರಲ್ಲಿ ಇನ್ನೊಂದು ಚುಕ್ಕೆ ಇಟ್ಟೆ. ಹಲಗೆ ಸ್ವಲ್ಪ ತೂಗಾಡಿ ನಿಂತಿತು.

"ಆ ಮೊದ್ಲುನ್ ಚುಕ್ಕೆ ಉಜ್ಜಾಕ್ಬುಡ್ಲಾ?" ಎಂದು ಅಪ್ಪ ಉಪ್ಪುಕಾಗದ ತಂದರು. ನನ್ನ ತಪ್ಪುಗಳನ್ನು ನಾನು ಸಾಮಾನ್ಯವಾಗಿ ಯಾರಿಗೂ ತೋರಿಸುವವಳಲ್ಲ. ಆದರೂ ಬೇಡವೆಂದೆ.

ಮರುದಿನ ಬೆಳಿಗ್ಗೆ ತರಗತಿಯಲ್ಲಿ ಹಲಗೆಯನ್ನು ಮೊದಲು ತಪ್ಪು ಚುಕ್ಕೆಯ ಮೇಲೆಯೇ ಇಟ್ಟೆ. ಅದು ಬಿತ್ತು, ಮಕ್ಕಳು ಗೊಳ್ಳೆಂದರು. ನಾನು ಚೀಲದಿಂದ ಅಪ್ಪನ ಟೇಪು ತೆಗೆದು, ಮುಂದಿನ ಬೆಂಚಿನ ಹುಡುಗಿಗೆ ಕೊಟ್ಟು, ಅದರಲ್ಲಿ ಏನು ಕಾಣೆಯಾಗಿದೆ ಎಂದು ಕೇಳಿದೆ.