ಬಂದವರ ಬೆಲ್ಲ

ಪುಣೆಯ ಹಿಂಜವಾಡಿಯಲ್ಲಿ ಕಟ್ಟಡಗಳು ಏಳುತ್ತಿದ್ದ ಕಾಲ; ನಾವು ಅಲ್ಲಿ ಕೂಲಿಗೆ ಹೋಗಿದ್ದೆವು. ಕೂಲಿಗಳ ಮೇಲ್ವಿಚಾರಕನಾಗಿದ್ದ ಮುಕಾದಮನಿಗೆ ಹೊಡೆದಿದ್ದ ನನ್ನಣ್ಣನನ್ನು ಕೋರ್ಟು ಶಿಕ್ಷೆ ಕೊಡದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿತ್ತು. ಅದರ ಅವಧಿ ಮುಗಿಯುವ ಮೊದಲೇ ಆ ಮೂರ್ಖ ಮತ್ತೊಬ್ಬನ ತಲೆ ಒಡೆದ. ಹೊಸ ಕೇಸಾಯಿತು, ಇನ್ನು ಹಳೆಯದಕ್ಕೂ ಶಿಕ್ಷೆ ತಪ್ಪುವಂತಿರಲಿಲ್ಲ.

ಅವನನ್ನು ಹಿಡಿದೊಯ್ಯಲು ಪೊಲೀಸ ಬಂದಾಗ ಮಧ್ಯಾಹ್ನ. ನಮ್ಮ ಶೆಡ್ಡಿನ ತಗಡಿನ ತೂತುಗಳಿಂದ ಇಳಿದ ಬೆಳಕಿನ ಕೋಲುಗಳಲ್ಲಿ ಜೋಳದ ಹಿಟ್ಟು ತೇಲುತ್ತಿತ್ತು. ಎಲ್ಲರೂ ನೀರಿನೊಳಗೆ ನಡೆಯುವವರಂತೆ ಕಾಣುತ್ತಿದ್ದರು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟೆದ್ದು, ಮನೆಗೆ ಬಂದವರಿಗೆಲ್ಲ ಕೊಡುವಂತೆ ಪೊಲೀಸನಿಗೂ ಬೆಲ್ಲ, ನೀರು ಕೊಟ್ಟಳು. ನನಗೆ ಮೈಯೆಲ್ಲ ಉರಿಯಿತು. ಹೊರಡುವ ಮುಂಚೆ ಅಣ್ಣನೂ ಬೆಲ್ಲಕ್ಕೆ ಕೈ ಚಾಚಿದ.

“ಅದು ಬಂದವರಿಗೆ ಕೊಡೂದಪಾ,” ಎಂದು ಅವ್ವ ಡಬ್ಬಿ ಮುಚ್ಚಿದಳು. “ನೀ ಹೊಂಟೀಯಲ್ಲ. ತಿರುಗಿ ಬಾ, ಕೊಡ್ತೀನಿ.”